ಗ್ರಿಸೆಲ್ ಕೊಟ್ಟ ಹೆಸರುಗಳು

ಫೈಫ್ ಕಡಲದಂಡೆಯ ನಮ್ಮ ಹಳ್ಳಿಯಲ್ಲಿ ಗಾಳಗಳಿಗೆ ಚಿಪ್ಪಿನ ಮಾಂಸ ಸಿಕ್ಕಿಸುವುದರಲ್ಲಿ ಗ್ರಿಸೆಲ್‌ಳನ್ನು ಮೀರಿಸುವವರು ಇರಲಿಲ್ಲ. ನಾಲಿಗೆ ಕೈಗಿಂತಲೂ ಚುರುಕು. ಗಂಡ ಸತ್ತ ಮೇಲೆ ಮಗಳು ಅಲಿಸನ್‌ಳನ್ನು ಸಾಕಿದ್ದು ಆ ಕೈ, ಕೆಡಿಸಿದ್ದು ಆ ನಾಲಿಗೆ. ದೋಣಿಯ ಯಜಮಾನ ಪ್ಯಾಟ್ರಿಕ್ ಅವಳ ಪಾಲಿಗೆ ಕೊಳೆತ ಮೀನು ಎಸೆದಾಗ, "ನೀನು ಒಣಬಟ್ಟೇಲಿ ಮನೆಗೆ ಬರಲ್ಲ, ನೋಡ್ತಿರು" ಅಂದಳು. ಆ ವಾರವೇ ದೋಣಿ ಮುಳುಗಿತು, ಪ್ಯಾಟ್ರಿಕ್ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸ್ಕಾಟ್ಲೆಂಡಿನ ಊರೂರಲ್ಲೂ ಆಗ ಮಾಟಗಾತಿಯರನ್ನು ಹುಡುಕುತ್ತಿದ್ದರು. ನಮ್ಮೂರಿಗೂ ಒಬ್ಬಳು ಬೇಡವೇ? ಗ್ರಿಸೆಲ್‌ಳನ್ನು ಚರ್ಚಿನ ಗೋಪುರಕ್ಕೆ ಹಾಕಿದರು. ಹೊಡೆಯಲಿಲ್ಲ, ಬಡಿಯಲಿಲ್ಲ; ನಮ್ಮವರು ದೇವರಿಗೆ ಹೆದರುವ ಜನ. ನಿದ್ದೆ ಮಾತ್ರ ಮಾಡಗೊಡಲಿಲ್ಲ. ನೆರೆಹೊರೆಯವರೇ ಸರದಿಯ ಮೇಲೆ ಎದುರು ಕೂತು, ಅವಳ ರೆಪ್ಪೆ ಮುಚ್ಚಿದಾಗಲೆಲ್ಲ ಸೂಜಿ ಚುಚ್ಚಿದರು. ಅಲಿಸನ್ ಹುಟ್ಟಿದಾಗ ನೀರು ಕಾಯಿಸಿ ಕೊಟ್ಟವಳೂ ಚುಚ್ಚಿದಳು. ಅವರ ಕೈ ಸೇದಿಹೋಗಲಿ ಎಂದು ನಾನು ಇಂದಿಗೂ ಶಪಿಸುತ್ತೇನೆ.

ಕೊನೆಗೆ ಗ್ರಿಸೆಲ್ ಎಲ್ಲವನ್ನೂ ಒಪ್ಪಿಕೊಂಡಳು. ಹೌದು, ಸೈತಾನನ ಜೊತೆ ಕುಣಿದೆ. ಹೌದು, ದೋಣಿ ಮುಳುಗಿಸಿದೆ. ಜೊತೆಗಿದ್ದವರು ಯಾರ್‍ಯಾರು ಎಂದು ಪಾದ್ರಿ ಕೇಳಿದರು. ಒಂದು ಹೆಸರು ಬಂದರೆ ಇನ್ನೊಂದು ಚಿತೆ ಎಂಬುದು ಊರಿಗೇ ಗೊತ್ತಿತ್ತು. ಗ್ರಿಸೆಲ್ ತಡವರಿಸದೆ ಹೆಸರು ಕೊಡುತ್ತ ಹೋದಳು. ಎಲ್ಲರೂ ಸತ್ತು ಮಣ್ಣಾದವರು! ಬದುಕಿದ್ದಾಗ ಹಾಸಿಗೆ ಬಿಟ್ಟೇಳಲಾರದ ಮುದುಕಿಯನ್ನೂ ಕುಣಿಸಿಬಿಟ್ಟಳು. ಅದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಆದರೆ ಪ್ಯಾಟ್ರಿಕ್‌ನ ಹೆಂಡತಿ ಮೇರಿಯನ್ ಅಲ್ಲೇ ಕಾವಲು ಕೂತಿದ್ದಳು.

"ಎಲ್ಲಾ ಗೋರಿಯೊಳಗಿನವ್ರೇ ಅಲ್ವಾ ಸ್ವಾಮಿ," ಅಂದಳು. "ಬದುಕಿರೋ ಯಾರನ್ನೋ ಮುಚ್ಚಿಡ್ತಿದಾಳೆ."

ಮತ್ತೆ ಸೂಜಿ. ಬದುಕಿರುವವರ ಹೆಸರು ಹೇಳು, ಮಲಗಲು ಬಿಡುತ್ತೇವೆ ಎಂದರು. ಗ್ರಿಸೆಲ್ ಹಲ್ಲು ಕಚ್ಚಿ ಕೂತಳು. ಅವಳನ್ನು ಕಂಡರೆ ಉಗುಳುತ್ತಿದ್ದ ಹೆಂಗಸರು ಊರಲ್ಲಿ ಎಷ್ಟು ಮಂದಿ! ಯಾರನ್ನಾದರೂ ಹೇಳಿ ಸೇಡು ತೀರಿಸಿಕೊಳ್ಳಬಹುದಿತ್ತು. ಒಬ್ಬಳನ್ನೂ ಹೇಳಲಿಲ್ಲ.

"ಇನ್ಯಾರನ್ನ ಮುಚ್ಚಿಡ್ತಾಳೆ," ಮೇರಿಯನ್ ಅಂದಳು, "ಮಗಳನ್ನಲ್ದೆ?"

ಅಲ್ಲಿಯವರೆಗೆ ಗೋಡೆಗೊರಗಿದ್ದ ಗ್ರಿಸೆಲ್ ಪಾದ್ರಿಯ ಕಾಲಿಗೆ ಬಿದ್ದಳು.

"ಅಲಿಸನ್‌ಗೆ ಏನೂ ಗೊತ್ತಿಲ್ಲ ಸ್ವಾಮಿ. ಅಲಿಸನ್ ತಂಟೆಗೆ ಹೋಗ್ಬೇಡಿ."

ಬದುಕಿರುವವಳ ಹೆಸರು ಅವಳ ಬಾಯಿಂದಲೇ ಬಂತು, ಅದೂ ಎರಡು ಸಲ ಎಂದು ಪಾದ್ರಿ ಬರೆಸಿದರು. ಕೂತವರೆಲ್ಲ ಸಾಕ್ಷಿ ಹಾಕಿದರು. ನಂತರ, ಕೊಟ್ಟ ಮಾತಿಗೆ ತಪ್ಪದ ಜನ ನೋಡಿ, ಗ್ರಿಸೆಲ್‌ಗೆ ಹುಲ್ಲು ಹಾಸಿ ಮಲಗಲು ಬಿಟ್ಟರು. ತಲೆ ಊರುವ ಮುಂಚೆಯೇ ಅವಳಿಗೆ ನಿದ್ದೆ ಹತ್ತಿತು. ಕೆಳಗಿನ ಕೋಣೆಯಲ್ಲಿ ಅಲಿಸನ್‌ಳನ್ನು ಸ್ಟೂಲಿನ ಮೇಲೆ ಕೂರಿಸಿ, ಮೊದಲ ಸರದಿ ಯಾರದೆಂದು ಮಾತಾಡಿಕೊಳ್ಳುತ್ತಿದ್ದರು.