ಜಾತಿ: ಬೇಡ

“ಜಾತಿ?” ಎಂದು ಕೇಳಿದರು ಕೌಂಟರಿನ ಮೇಡಂ.

“ಬೇಡ!” ಎಂದೆ. ಇಪ್ಪತ್ತು ವರ್ಷ ಬಯಲಾಟದಲ್ಲಿ ರಾಜನ ಪಾರ್ಟು ಮಾಡಿದ ಗಂಟಲು ನೋಡಿ... ಕಚೇರಿಯ ಫ್ಯಾನೇ ನಡುಗಿತು.

ಮಗಳು ಪಲ್ಲವಿಗೆ ಬಳ್ಳಾರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸಂಜೆ ಐದರೊಳಗೆ ಜಾತಿ ಸರ್ಟಿಫಿಕೇಟ್ ಕೊಡದಿದ್ದರೆ ಅದು ಬೇರೆಯವರ ಪಾಲು. ಅದಕ್ಕೇ ಅಪ್ಪ-ಮಗಳು ಸಿರುಗುಪ್ಪ ಕಡೆಯ ಆ ಸಣ್ಣ ಕಚೇರಿಯಲ್ಲಿ ಬೆಳಗಿನಿಂದ ಸಾಲು ನಿಂತಿದ್ದೆವು.

ಮೇಡಂ ಕರಾವಳಿಯವರು, ನಮ್ಮ ಕಡೆಗೆ ಹೊಸಬರು. ಕುರ್ಚಿಯಿಂದ ಎದ್ದೇ ಬಿಟ್ಟರು. “ಎಂಥಾ ಮಾತು ಮಾರಾಯ್ರೇ! ಜಾತಿ ಬೇಡ ಅನ್ನುವವರನ್ನು ನಾನು ಇವತ್ತೇ ನೋಡಿದ್ದು.”

ಸಾಲಿನಲ್ಲಿದ್ದವರಿಗೆ ವಿಷಯ ಗೊತ್ತು. ಒಬ್ಬ ಅಜ್ಜಿ ಬೇಕಂತಲೇ ಚಪ್ಪಾಳೆ ಶುರು ಮಾಡಿದಳು, ಉಳಿದವರೂ ಸೇರಿದರು.

ಚಪ್ಪಾಳೆ ಕೇಳಿದರೆ ಈ ದೇಹಕ್ಕೆ ತಡೆಯಲಾಗುವುದಿಲ್ಲ. ಯಾಕೆ, ಏನು ಎಂದು ಕೇಳದೆ ಮೂರು ದಿಕ್ಕಿಗೂ ಕೈ ಮುಗಿದೆ!

ಆಮೇಲೆ ಕೈಗೆ ಬಂತು ಒಂದು ಹಿಂಬರಹ: “ಅರ್ಜಿದಾರರು ತಮಗೆ ಜಾತಿ ಬೇಡವೆಂದು ತಿಳಿಸಿರುವುದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.”

ಪಲ್ಲವಿಯ ಮುಖ ಬಿಳಿಚಿತು. “ಯಪ್ಪಾ, ನಿನ್ನ ಡೈಲಾಗಿಗೆ ನನ್ನ ಸೀಟು ಹೋತು!”

ಸ್ವಾಮಿ, ಬೇಡ ಎನ್ನುವುದು ನಮ್ಮ ಜಾತಿಯ ಹೆಸರು! ಒಂದು ಕಾಲಕ್ಕೆ ಬೇಟೆಯಾಡುತ್ತಿದ್ದ ಬೇಡರು ನಾವು. ಸರಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ.

ಮತ್ತೆ ಕೌಂಟರಿಗೆ ಓಡಿದೆ.

“ಮೇಡಂ, ನಮಗ ಜಾತಿ ಬೇಕ್ರೀ!”

“ಈಗಷ್ಟೇ ಬೇಡ ಅಂದ್ರಲ್ಲ?”

“ಈಗ್ಲೂ ಬೇಡಾನ ರೀ!”

“ಬೇಕೋ, ಬೇಡವೋ? ಒಂದು ಹೇಳಿ.”

“ಬೇಡಾನ ಬೇಕ್ರೀ!”

ಮೇಡಂ ನೀರಿನ ಬಾಟಲಿಗೆ ಕೈ ಹಾಕಿದರು. ಗಡಿಯಾರದಲ್ಲಿ ಎರಡೂವರೆ... ಪಲ್ಲವಿಯ ಕಣ್ಣಲ್ಲಿ ನೀರು.

ಕಡೆಗೆ ಆ ಚಪ್ಪಾಳೆಯ ಅಜ್ಜಿಯೇ ಕರಗಿದಳು. “ಅವ್ರು ಬ್ಯಾಡರ ಮಂದಿ ಯವ್ವಾ, ಬಿಲ್ಲು ಬಾಣದವ್ರು. ನಕ್ಕು ನಕ್ಕು ನಮಗೂ ಸಾಕಾತು, ಬರಕೊಡು. ಹುಡುಗಿ ಬಸ್ಸು ಹಿಡೀಬೇಕು!”

ಮೇಡಂ ಹಣೆ ಚಚ್ಚಿಕೊಂಡರು. ಕೀಬೋರ್ಡ್ ಟಕಟಕ ಎಂದಿತು, ಪ್ರಿಂಟರ್ ಕರ್ರೆಂದಿತು, ಪಲ್ಲವಿ ಹಾಳೆ ಕಸಿದುಕೊಂಡು ಓಡಿದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಬಳ್ಳಾರಿಯಿಂದ ಫೋನ್: “ಯಪ್ಪಾ, ಸೀಟು ಉಳೀತು. ಇನ್ನ ಎರಡು ದಿನ ಬಾಯಿ ಬಿಡಬ್ಯಾಡ.”

ಬಾಯಿ ಮುಚ್ಚಿಕೊಂಡೇ ಇದನ್ನು ಟೈಪ್ ಮಾಡುತ್ತಿದ್ದೇನೆ.

ಜಾತಿ ಬೇಡ ಎಂದಾಗ ಚಪ್ಪಾಳೆ ಬಿತ್ತು, ಜಾತಿ ಬೇಕು ಎಂದಾಗ ಮಗಳ ಸೀಟು ಉಳಿಯಿತು... ಸಭಿಕ ಮಹಾಶಯರೇ, ನೀವೇ ಹೇಳಿ, ನಾನು ಯಾವ ಡೈಲಾಗಿಗೆ ಕೈ ಮುಗಿಯಬೇಕಿತ್ತು?