ಮೊದಲ ಮೂರು ಹೋಳು

ಬೆಳಗಿನ ನಾಲ್ಕೂವರೆ. ಕಡಲು ಇಳಿದಿದೆ. ಬಸಿಲಿಸಾ ತುಪಾಸ್ ತೊಡೆಮಟ್ಟದ ನೀರಿನಲ್ಲಿ ನಿಂತು ಬರಿಗಾಲಿನಿಂದ ತಡವುತ್ತ ಹಗ್ಗ ಹುಡುಕುತ್ತಿದ್ದಾರೆ. ಸಿಕ್ಕಿದ ಮೇಲೆ ಬಗ್ಗಿ, ಹೇರಿದ್ದ ಕಲ್ಲುಗಳನ್ನು ಒಂದೊಂದಾಗಿ ಸರಿಸಿ, ನೀರಡಿಯಿಂದ ಚೀಲವೊಂದನ್ನು ಎಳೆಯುತ್ತಾರೆ. ಬಾಯಿ ಬಿಚ್ಚಿ ಒಂದು ಹೋಳು ತೆಗೆದು ಮೂಸುತ್ತಾರೆ. ಬೆರಳುಗಳ ನಡುವೆ ಹಿಸುಕುತ್ತಾರೆ. ಚೀಲವನ್ನು ಸೊಸೆ ಅರ್ಲಿನ್ ಅವರ ಬೆನ್ನಿಗೆ ಏರಿಸಿ, ಹಿಂದಿನಿಂದ ಒಂದು ಕೈ ಕೊಟ್ಟು ಮರಳಿನ ಮೇಲೆ ನಡೆಯುತ್ತಾರೆ. ಆ ಕೈ ಬಲಗೈ. ಎಡಗೈ ಅಕ್ಟೋಬರಿನಿಂದ ಹೇಳಿದ ಮಾತು ಪೂರ್ತಿ ಕೇಳುತ್ತಿಲ್ಲ.

ಚೀಲದಲ್ಲಿರುವುದು ಕಾಯೊಸ್. ತಲಿಸಾಯ್ ಹಳ್ಳಿಯ ಹಿಂದಿನ ಗುಡ್ಡದಲ್ಲಿ ಮುಳ್ಳುಬಳ್ಳಿಯ ಬುಡಕ್ಕೆ ಬಿಡುವ ಕಾಡುಗೆಣಸು. ಅಗೆದು ತಂದು ಹಾಗೇ ಬೇಯಿಸಿ ತಿಂದರೆ ಮೊದಲು ಗಂಟಲು ಕಡಿಯುತ್ತದೆ. ಕೆಸುವಿನ ಕಡಿತ ಇದರ ಮುಂದೆ ಆಟ. ಆಮೇಲೆ ತಲೆಸುತ್ತು, ವಾಂತಿ, ಸೆಳೆತ. ಅದೇ ಗೆಡ್ಡೆ ಬಸಿಲಿಸಾ ಅವರ ಕೈ ದಾಟಿ ಬಂದರೆ ಭಾನುವಾರದ ತಿಂಡಿಯಾಗುತ್ತದೆ. ಹಬೆಯಲ್ಲಿ ಬೆಂದ ಬಿಳಿ ಹೋಳುಗಳ ಮೇಲೆ ತೆಂಗಿನ ತುರಿ, ಕಂದು ಸಕ್ಕರೆ. ಇದನ್ನು ತಿನ್ನಲು ಇಲೊಯಿಲೊ ಪಟ್ಟಣದಿಂದ ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು, ಗೆಳೆಯರನ್ನೂ ತುಂಬಿಕೊಂಡು ಎರಡು ಗಂಟೆ ಜೀಪ್ನಿ ಎಂಬ ಉದ್ದನೆಯ ಬಾಡಿಗೆ ಜೀಪಿನಲ್ಲಿ ಕುಲುಕಾಡುತ್ತ ಬರುತ್ತಾರೆ. ಬಂದವರೆಲ್ಲ ತಟ್ಟೆಯ ಫೋಟೊ ತೆಗೆಯುತ್ತಾರೆ. ತಟ್ಟೆ ತಮ್ಮವರೆಗೆ ತಲುಪಿದ್ದು ಹೇಗೆಂದು ಕೇಳಿದವರು ಕಡಿಮೆ.

ಅದು ಹೀಗೆ. ಸಿಪ್ಪೆ ತೆಗೆದು, ಕಾಗದದಷ್ಟು ತೆಳ್ಳಗೆ ಹೆಚ್ಚಿ, ಬೂದಿ ಉಪ್ಪು ಉಜ್ಜಿ, ಒಂದು ರಾತ್ರಿ ಕಲ್ಲಿನಡಿ ಒತ್ತಿ, ಮೂರು ದಿನ ಕಡಲಿನಲ್ಲಿ. ಆರು ಉಬ್ಬರ ಅದರ ಮೇಲೆ ಹಾಯಬೇಕು. ಆಮೇಲೆ ಹಳ್ಳದ ಸಿಹಿನೀರಿನಲ್ಲಿ ತೊಳೆತ. ಫೆಬ್ರುವರಿಯಿಂದ ಮೇ ತನಕ, ಬಳ್ಳಿ ಒಣಗಿರುವ ನಾಲ್ಕು ತಿಂಗಳು ಈ ಕೆಲಸ. ವಾರಕ್ಕೆ ನಲವತ್ತು ಕಿಲೊ ಗೆಡ್ಡೆ. ಕೆಲಸ ಮುಗಿಯುವ ಹೊತ್ತಿಗೆ ಬಸಿಲಿಸಾ ಅವರ ಅಂಗೈ ಸುಲಿದು, ಕೊಬ್ಬರಿ ಎಣ್ಣೆ ಹಚ್ಚಿದರೂ ಮುಷ್ಟಿ ಮಡಚಲಾಗದಂತಿರುತ್ತದೆ. ಮೂವತ್ತೆಂಟು ವರ್ಷಗಳಿಂದ ಹೀಗೇ.

ಇಷ್ಟೆಲ್ಲ ಮಾಡಿದ ಮೇಲೂ ಗೆಡ್ಡೆಯನ್ನು ನಂಬುವಂತಿಲ್ಲ. ಆದ್ದರಿಂದ ಮೂರು ಹೋಳು. ಚೀಲದ ಮೇಲಿನಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು. ಬೇಯಿಸಿ, ತೆಂಗು ಸಕ್ಕರೆ ಏನೂ ಇಲ್ಲದೆ, ಮಾಡಿದವರೇ ತಿನ್ನಬೇಕು. ಮೊದಲನೆಯದನ್ನು ನುಂಗಿದ ಕೂಡಲೇ ಒಲೆಯ ಮೇಲೆ ಅನ್ನಕ್ಕೆ ಇಡುತ್ತಾರೆ. ಅನ್ನ ಕುದಿ ಬಂದಾಗ ಎರಡನೆಯದು, ನೀರು ಇಂಗಿದಾಗ ಮೂರನೆಯದು. ಅನ್ನ ಇಳಿಸಿ, ಮುಚ್ಚಳ ತೆಗೆದು, ತಿಂದವರು ಎದ್ದು ನಿಲ್ಲುವವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ. ಬಂದವರು ಬಿದಿರಿನ ಬೆಂಚುಗಳ ಮೇಲೆ ಕೂತು ಅವರ ಮುಖ ನೋಡುತ್ತಾರೆ. ಹೀಗಾಗಿ ಬಸಿಲಿಸಾ ಅವರ ಈ ತಿಂಡಿ ಅಂಗಡಿಯಲ್ಲಿ ನಮಸ್ಕಾರಕ್ಕೆ ಬದಲು ಒಂದು ಪ್ರಶ್ನೆ ಚಾಲ್ತಿಗೆ ಬಂದಿದೆ.

"ಮನಾಂಗ್ ಬಸಿಂಗ್, ಬದುಕಿದ್ದೀರಾ?"

"ಅನ್ನ ಬೇಯ್ಲಿ, ಹೇಳ್ತೀನಿ."

ನಮ್ಮ ಕಡೆ ಅಕ್ಕನಿಗೆ ಮನಾಂಗ್, ಅಣ್ಣನಿಗೆ ಮನೋಂಗ್ ಎನ್ನುತ್ತೇವೆ. ಅರವತ್ತೆರಡರ ಬಸಿಲಿಸಾ ಊರಿಗೆಲ್ಲ ಮನಾಂಗ್ ಬಸಿಂಗ್.

ಮೂರು ಹೋಳಿನ ಕಟ್ಟಳೆ ಅವರು ಹುಟ್ಟುವ ಮೊದಲೂ ಇತ್ತು. ಅದನ್ನು ಊರು ಒಮ್ಮೆ ಮುರಿದಿತ್ತು. ಬಸಿಲಿಸಾ ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ಚಂಡಮಾರುತ ಬಂದು ಭತ್ತ, ಬಾಳೆ, ದೋಣಿ ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಉಳಿದದ್ದು ಗುಡ್ಡದ ಕಾಯೊಸ್. ಹಸಿವು ಮೂರು ದಿನ ಕಾಯಲಿಲ್ಲ. ಅವರ ತಮ್ಮ ನೆಸ್ತೊರ್‌ಗೆ ಆಗ ಏಳು ವರ್ಷ. ಎಂಟು ತುಂಬಲಿಲ್ಲ.

"ಒಂದು ದಿನ ಕಡಿಮೆ ನೆನೆಸಿದ್ರು. ಅಷ್ಟೇ," ಎನ್ನುತ್ತಾರೆ. "ಅಮ್ಮ ತಾನು ತಿನ್ನೋಕೆ ಮುಂಚೆ ಅವನಿಗೆ ಕೊಟ್ಳು. ಮಗು ಹಸಿದಿದೆ ಅಂತ ಪ್ರೀತಿಯಿಂದ್ಲೇ ಕೊಟ್ಟಿದ್ದು. ಇಲ್ಲಿ ಪ್ರೀತಿ ಇದ್ದೋರು ಮೊದ್ಲು ತಾವು ತಿನ್ಬೇಕು. ಉಲ್ಟಾ."

ಆಮೇಲೆ ಮಾತು ಬದಲಿಸಿ, ಒಲೆಗೆ ತೆಂಗಿನ ಸಿಪ್ಪೆ ತುರುಕುತ್ತಾರೆ.

ಅವರ ಕೈಯಿಂದ ತಿಂದು ಇದುವರೆಗೆ ಒಬ್ಬರೂ ಹಾಸಿಗೆ ಹಿಡಿದಿಲ್ಲ. ಅದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆಂದರೆ ಮನಾಂಗ್ ಬಸಿಂಗ್ ನಗುತ್ತಾರೆ. "ಏನಂತ ಬರೀತೀಯಾ? ಇವತ್ತೂ ಯಾರಿಗೂ ಏನೂ ಆಗ್ಲಿಲ್ಲ ಅಂತಾನಾ? ಯಾರಪ್ಪ ಓದ್ತಾರೆ ಅದನ್ನ?"

ಕಳೆದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಅವರ ಎಡಗಡೆ ಸೋತಿತು. ಸಣ್ಣ ಲಕ್ವ ಎಂದರು ವೈದ್ಯರು. ಎರಡು ತಿಂಗಳಲ್ಲಿ ಮಾತು ಬಂತು, ನಡಿಗೆ ಬಂತು. ಎಡಗೈ ಪೂರ್ತಿ ಬರಲಿಲ್ಲ, ನಾಲಿಗೆಯ ಎಡ ಅರ್ಧವಂತೂ ಬರಲೇ ಇಲ್ಲ. ಬಿಸಿಯೂ ಗೊತ್ತಾಗದು, ಉಪ್ಪೂ ಗೊತ್ತಾಗದು, ಕಡಿತವೂ ಗೊತ್ತಾಗದು.

"ಬಲಗಡೆ ಇದೆಯಲ್ಲ, ಅದರಲ್ಲೇ ನೋಡು ಅಂದೆ," ಎನ್ನುತ್ತಾರೆ ಗಂಡ ಮನೋಂಗ್ ಪೊನ್ಸೊ. ಮೀನುಗಾರ, ಎಪ್ಪತ್ತರ ಹತ್ತಿರ.

"ಅರ್ಧ ನಾಲಿಗೆ ನಂಬ್ಕೊಂಡು ಇಡೀ ಊರಿಗೆ ಬಡಿಸ್ಲಾ?" ಮನಾಂಗ್ ಬಸಿಂಗ್ ಒಲೆಯ ಬಳಿಯಿಂದಲೇ ಕೂಗುತ್ತಾರೆ.

"ನಾನು ತಿಂತೀನಿ ಅಂತಾನೂ ಅಂದೆ."

"ನಿನ್ನ ನಾಲಿಗೇನ? ನಲವತ್ತು ವರ್ಷ ಹೆಂಡ, ಹುಳಿ, ಮೆಣಸಿನಕಾಯಲ್ಲಿ ನೆನೆಸಿದ್ದೀಯ. ಅದಕ್ಕೆ ಕಾಯೊಸ್ ಯಾವ ಲೆಕ್ಕ? ವಿಷಾನೇ ನಿನ್ನ ಕಂಡು ಹೆದರ್ಕೊಳ್ಳತ್ತೆ."

ಹಾಗಾಗಿ ಈ ವರ್ಷದಿಂದ ಅರ್ಲಿನ್ ತಿನ್ನುತ್ತಾರೆ. ಮೂವತ್ತಾರು ವರ್ಷ, ಮೆದು ಮಾತು, ಯಾರಿಗೂ ಎದುರಾಡಿ ಗೊತ್ತಿಲ್ಲ. ಈ ಕೆಲಸಕ್ಕೆ ಆ ಸ್ವಭಾವವೇ ಅಪಾಯ. ಫೆಬ್ರುವರಿಯ ಮೊದಲ ಚೀಲದ ದಿನ ಬೆಂಚಿನ ತುಂಬ ಜನ. ಅರ್ಲಿನ್ ಎರಡನೆಯ ಹೋಳು ನುಂಗಿ, ನಕ್ಕು, ಚೆನ್ನಾಗಿದೆ ಎಂದರು. ಮನಾಂಗ್ ಬಸಿಂಗ್ ಮೂಲೆಯಲ್ಲಿ ಕೂತು ಸೊಸೆಯ ಗಂಟಲನ್ನೇ ನೋಡುತ್ತಿದ್ದರು. ಒಂದೇ ಹೋಳಿಗೆ ಗಂಟಲು ಮೂರು ಸಲ ಏರಿಳಿಯಿತು. ಎದ್ದು ಬಂದು ಚೀಲವನ್ನು ಕಡಲಿಗೆ ವಾಪಸು ಹಾಕಿಸಿದರು.

"ದೂರದಿಂದ ಬಂದಿದ್ರು, ತಟ್ಟೆ ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಬೇಡ ಅನ್ನೋಕೆ ನಾಚಿಕೆ ಆಯ್ತು," ಎನ್ನುತ್ತಾರೆ ಅರ್ಲಿನ್, ತಲೆ ಎತ್ತದೆ. ನಮ್ಮ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದಕ್ಕಿಂತ ಗಂಟಲು ಕಡಿತ ಸಹಿಸುವುದು ನಮಗೆ ಸುಲಭ.

ಅಂದಿನಿಂದ ಪ್ರತಿ ಚೀಲಕ್ಕೂ ಹೀಗೇ. ಸೊಸೆ ತಿನ್ನುತ್ತಾರೆ, ಅತ್ತೆ ಗಂಟಲು ಕಾಯುತ್ತಾರೆ. ಎಷ್ಟು ದಿನ ಹೀಗೆ ಎಂದರೆ, ಮನಾಂಗ್ ಬಸಿಂಗ್ ಹೆಚ್ಚುವ ಕತ್ತಿಯನ್ನು ಬದಿಗಿಟ್ಟು ಹೇಳುತ್ತಾರೆ: "ಅವಳು ಜನರ ಮುಂದೆ, ನನ್ನ ಮುಂದೆ, ಬಾಯಿಬಿಟ್ಟು ಬೇಡ ಅನ್ನೋ ತನಕ. ಅದು ಬರದಿದ್ರೆ ಈ ಬೇಸಿಗೆ ಮುಗಿದ ಮೇಲೆ ಅಂಗಡಿ ಮುಚ್ಚೇ ಬಿಡ್ತೀನಿ." ಅಂಗಡಿ ಮುಚ್ಚಿದರೆ ತಲಿಸಾಯ್‌ನಲ್ಲಿ ಕಾಯೊಸ್ ಮಾಡುವವರು ಬೇರೆ ಯಾರೂ ಇಲ್ಲ.

ಬೇರೆ ಆಸೆ? "ಒಂದ್ಸಲ ಎರಡನೆಯವಳಾಗಿ ತಿನ್ಬೇಕು. ಮೊದಲ ಮೂರು ಹೋಳು ಸಪ್ಪೆ. ಆಮೇಲೆ ಬಡಿಸೋಕೆ ನಿಂತ್ರೆ ಮುಗೀತು. ಕಾಯಿ, ಸಕ್ಕರೆ ಹಾಕ್ಕೊಂಡು, ಎಲ್ಲರ ಮಧ್ಯೆ ಕೂತು, ಹರಟೆ ಹೊಡೀತಾ ತಿಂದೇ ಇಲ್ಲ ನಾನು."

ಈ ಭಾನುವಾರ ಏಳು ಗಂಟೆಗೆ ಜೀಪ್ನಿ ಬಂದು ನಿಲ್ಲುತ್ತದೆ. ಹದಿನಾಲ್ಕು ಜನ. ಮುಂದಾಳು ಗ್ಲೆಂಡಾ, ಪಟ್ಟಣದಲ್ಲಿ ಶಾಲಾ ಟೀಚರು. ಜೊತೆಗೆ ಅಣ್ಣತಮ್ಮಂದಿರು, ಶಾಲೆಯ ಗೆಳತಿಯರು, ಎಂಬತ್ತರ ತಾಯಿ ಲೋಲಾ ಪಾಸಿಂಗ್. ಲೋಲಾ ಎಂದರೆ ಅಜ್ಜಿ. ಈ ಪಯಣ ಅವರಿಗಾಗಿಯೇ. ಕಣ್ಣಿನ ಆಪರೇಷನ್ನಿಗೆ ಮೊದಲು ಹುಟ್ಟೂರಿನ ಕಾಯೊಸ್ ತಿನ್ನಲೇಬೇಕೆಂದು ಅಜ್ಜಿ ಹಟ ಹಿಡಿದಿದ್ದಾರೆ. ಗೆಳತಿಯರಲ್ಲಿ ಮೂವರು ಇದನ್ನು ಕಂಡೇ ಇಲ್ಲ.

"ಟೀಚರ್, ವಿಷ ತಿನ್ಸೋಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಾ? ಹತ್ತಿರದಲ್ಲಿ ಏನೂ ಸಿಗ್ಲಿಲ್ವಾ?" ಗೆಳತಿಯೊಬ್ಬರು ಕೆಣಕುತ್ತಾರೆ.

"ನಿನ್ನ ಅಡುಗೆ ತಿಂದು ಬದುಕಿರೋರು ನಾವು. ಇದು ಏನ್ ಮಾಡತ್ತೆ?" ಎನ್ನುತ್ತಾರೆ ಗ್ಲೆಂಡಾ.

ಬಾಳೆ ಎಲೆ ಹಾಸಿಯಾಗಿದೆ. ತೆಂಗಿನ ತುರಿ ಬೋಗುಣಿ ತುಂಬ ಇದೆ. ಅರ್ಲಿನ್ ಮೊದಲ ಹೋಳು ಬಾಯಿಗಿಡುತ್ತಾರೆ, ನುಂಗುತ್ತಾರೆ. ಒಲೆಯ ಮೇಲೆ ಅನ್ನ ಏರುತ್ತದೆ. ಮಾತು ತಾನಾಗಿ ತಗ್ಗುತ್ತದೆ. ನಗುತ್ತಿದ್ದ ಗೆಳತಿಯರೂ ಈಗ ಅರ್ಲಿನ್ ಅವರನ್ನೇ ನೋಡುತ್ತಿದ್ದಾರೆ. ತಮಗಾಗಿ ಒಬ್ಬರು ಮೊದಲು ತಿನ್ನುವುದನ್ನು ಎದುರಿಗೆ ಕೂತು ನೋಡಿದಾಗ ತಮಾಷೆ ಬಾಯಿಗೆ ಬರುವುದಿಲ್ಲ. ಅನ್ನ ಕುದಿ ಬರುತ್ತದೆ. ಎರಡನೆಯ ಹೋಳು. ಅರ್ಲಿನ್ ಅಗಿಯುತ್ತಾರೆ, ನಿಲ್ಲಿಸುತ್ತಾರೆ. ಮನಾಂಗ್ ಬಸಿಂಗ್ ಮೂಲೆಯಿಂದ ನೋಡುತ್ತಿದ್ದಾರೆ. ಗಂಟಲು ಅಲುಗಿಲ್ಲ. ಮುಖ ಬದಲಾಗಿಲ್ಲ.

ಅರ್ಲಿನ್ ಹೋಳನ್ನು ಅಂಗೈಗೆ ಉಗುಳುತ್ತಾರೆ.

"ಬೇಡ."

ಬೆಂಚುಗಳ ಮೇಲೆ ಒಂದು ಗುಜುಗುಜು. ಗ್ಲೆಂಡಾ ತಾಯಿಯ ಮುಖ ನೋಡುತ್ತಾರೆ.

"ಒಂಚೂರು ಕಡಿದ್ರೆ ಏನಾಗತ್ತೆ, ಇಂದಾಯ್?" ಲೋಲಾ ಪಾಸಿಂಗ್ ಮಗಳೇ ಎಂದು ಕರೆದು ಗೋಗರೆಯುತ್ತಾರೆ. "ನಾವು ಸಣ್ಣೋರಿದ್ದಾಗ ಕಡಿದ್ರೂ ತಿಂತಿದ್ವಿ. ನನಗೆ ಎಂಬತ್ತು. ಇನ್ನೇನು ಕಳ್ಕೊಳ್ಳೋದಿದೆ?"

"ನಿಮಗಿಲ್ಲ ಅಜ್ಜಿ, ನಮಗಿದೆ. ಬೇಡ ಅಂದ್ರೆ ಬೇಡ." ಅರ್ಲಿನ್ ಅವರ ದನಿ ನಡುಗುತ್ತಿದೆ. ಆದರೆ ನಿಲ್ಲುವುದಿಲ್ಲ. "ಮೇಲಿಂದು ಸರಿ ಇದೆ. ನಡುವಿಂದು ಇಲ್ಲ. ಚೀಲ ಬಿಗಿಯಾಗಿ ತುಂಬಿದ್ದಾರೆ, ನೀರು ಒಳಗೆ ಹೋಗಿಲ್ಲ."

ಚೀಲ ತುಂಬಿದವರು ಯಾರೆಂದು ಅಲ್ಲಿದ್ದ ಮನೆಯವರಿಗೆಲ್ಲ ಗೊತ್ತು. ಹದಿನಾಲ್ಕು ಜನ ಬರುತ್ತಾರೆಂದು ಎರಡು ಚೀಲದ್ದನ್ನು ಒಂದಕ್ಕೇ ಒತ್ತಿದ್ದು ಮನಾಂಗ್ ಬಸಿಂಗ್. ಎಷ್ಟು ಒತ್ತುತ್ತಿದ್ದೇನೆಂದು ಎಡಗೈ ಹೇಳಿರಲಿಲ್ಲ.

"ನೀನೊಂದ್ಸಲ ನೋಡು ಬಸಿಂಗ್," ಎನ್ನುತ್ತಾರೆ ಲೋಲಾ. "ನಿನ್ನ ಮಾತಾದ್ರೆ ಒಪ್ತೀನಿ."

ಮನಾಂಗ್ ಬಸಿಂಗ್ ಏಳುತ್ತಾರೆ. ಹೋಳನ್ನು ಮುಟ್ಟುವುದಿಲ್ಲ. ಚೀಲದೊಳಗೆ ಮೊಣಕೈವರೆಗೆ ಬಲಗೈ ಇಳಿಸಿ ನಡುವಿನಿಂದ ಒಂದು ಹಿಡಿ ಎಳೆಯುತ್ತಾರೆ. ಹೋಳುಗಳು ಒಂದಕ್ಕೊಂದು ಅಂಟಿ ಒದ್ದೆ ಕಾಗದದ ಕಟ್ಟಿನಂತಿವೆ. ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿಯುತ್ತಾರೆ.

"ತುಂಬಿದ್ದು ನಾನು. ಇವಳ ಗಂಟಲು ನೋಡ್ತಾ ಕೂತಿದ್ದೆ, ಏನೂ ಕಾಣ್ಲಿಲ್ಲ. ಇವಳು ಹೇಳದಿದ್ರೆ ಬಡಿಸ್ತಿದ್ದೆ." ಆಮೇಲೆ ಲೋಲಾ ಕಡೆಗೆ ತಿರುಗುತ್ತಾರೆ. "ಇನ್ನು ನನ್ನ ಕೇಳ್ಬೇಡಿ. ಇವಳನ್ನ ಕೇಳಿ."

ಹೊಗಳಿಕೆ ಅಷ್ಟೇ. ಅತ್ತೆ ಸೊಸೆ ಇಬ್ಬರೂ ಗೆಡ್ಡೆಯನ್ನು ಎರಡು ಚೀಲಕ್ಕೆ ಸಡಿಲವಾಗಿ ತುಂಬಿ ಕಡಲಿಗೆ ಹೊರುತ್ತಾರೆ. ಇನ್ನೂ ಎರಡು ಉಬ್ಬರ ಹಾಯಬೇಕು. ಬೆಂಚಿನ ಮುಂದೆ ಅನ್ನ ಬೆಂದಿದೆ. ಬಾಳೆ ಎಲೆಯ ಮೇಲೆ ಅನ್ನವನ್ನೇ ಸುರಿದು, ಒಣಮೀನು ಸುಟ್ಟು, ಹಸಿ ಮಾವಿನಕಾಯಿ ಹೆಚ್ಚಿ, ಹುಳಿಸಿದ ಸಿಗಡಿ ಇಡುತ್ತಾರೆ. ಒಬ್ಬೊಬ್ಬರೂ ತಮತಮಗೆ ಬೇಕಾದಂತೆ ಹುಳಿ, ಮೆಣಸು ಕಲಸಿಕೊಂಡು, ಬೆರಳು ನೆಕ್ಕುತ್ತ, ಒಬ್ಬರ ಹುಳಿಯನ್ನು ಇನ್ನೊಬ್ಬರು ಕದಿಯುತ್ತ ತಿನ್ನುತ್ತಾರೆ. ಒಂಬತ್ತು ಜನ ಜೀಪ್ನಿ ಹತ್ತಿ ಹೋಗುತ್ತಾರೆ. ಗ್ಲೆಂಡಾ ಹೆಡ್‌ಮಾಸ್ತರರಿಗೆ ಫೋನು ಮಾಡಿ ನಾಳೆಗೆ ರಜೆ ಹೇಳುತ್ತಾರೆ. ಲೋಲಾ ಪಾಸಿಂಗ್ ಬೆಂಚು ಬಿಟ್ಟು ಅಲುಗುವುದಿಲ್ಲ.

ಸೋಮವಾರ ಮತ್ತೆ ನಸುಕು, ಮತ್ತೆ ಇಳಿದ ಕಡಲು. ಈ ಸಲ ಹಗ್ಗ ಹುಡುಕಿದ್ದು ಅರ್ಲಿನ್. ತೊಳೆತ ಮುಗಿದು ಒಲೆ ಹೊತ್ತಿಕೊಳ್ಳುವಾಗ ಬಿಸಿಲು ಬಂದಿದೆ. ಒಂದನೆಯ ಹೋಳು. ಅನ್ನ. ಕುದಿ. ಎರಡನೆಯ ಹೋಳು. ಅರ್ಲಿನ್ ನಿಧಾನಕ್ಕೆ ಅಗಿದು ನುಂಗುತ್ತಾರೆ. ಮನಾಂಗ್ ಬಸಿಂಗ್ ಈಗ ಅವರ ಗಂಟಲು ನೋಡುತ್ತಿಲ್ಲ. ಬೆನ್ನು ತಿರುಗಿಸಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಾರೆ. ಮೂರನೆಯ ಹೋಳು. ಅನ್ನ ಇಳಿಯುತ್ತದೆ. ಅರ್ಲಿನ್ ಎದ್ದು ನಿಲ್ಲುತ್ತಾರೆ.

"ಬದುಕಿದ್ದೀಯಾ, ಇಂದಾಯ್?" ಲೋಲಾ ಪಾಸಿಂಗ್ ಕೇಳುತ್ತಾರೆ.

"ಬದುಕಿದ್ದೀನಿ ಅಜ್ಜಿ. ತಿನ್ನಿ."

ಪೊನ್ಸೊ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಮಾಡುತ್ತಾರೆ. ಮನಾಂಗ್ ಬಸಿಂಗ್ ಗಂಡನಿಗೂ ಲೋಲಾ ಅವರಿಗೂ ನಡುವೆ ಕೂರುತ್ತಾರೆ. ಬಡಿಸಲು ನಿಂತ ಸೊಸೆ ಮೊದಲ ತಟ್ಟೆ ಲೋಲಾ ಅವರಿಗೆ, ಎರಡನೆಯದು ಅತ್ತೆಗೆ ಕೊಡುತ್ತಾರೆ. ತೆಂಗಿನ ತುರಿ, ಸಕ್ಕರೆ ಎರಡೂ ಮೇಲೆ ಉದುರಿಸಿದೆ. ಮನಾಂಗ್ ಬಸಿಂಗ್ ಒಂದು ತುತ್ತು ಬಾಯಿಗಿಟ್ಟು ಎಡಕ್ಕೆ ತಳ್ಳುತ್ತಾರೆ, ಆಮೇಲೆ ಬಲಕ್ಕೆ.

"ಹೇಗಿದೆ?" ಗಂಡ ಕೇಳುತ್ತಾರೆ.

"ಈ ಕಡೆ ಮಾತ್ರ ಸಿಹಿ," ಎಂದು ಬಲಗೆನ್ನೆ ಮುಟ್ಟಿ ತೋರಿಸುತ್ತಾರೆ. "ಸಾಕು. ಆ ಸಕ್ಕರೆ ಇತ್ಲಾಗೆ ತಳ್ಳು."