ಖಾಲಿ ಕೇಪಿನ ಡಬ್ಬ

ಆಸ್ಟ್ರೇಲಿಯಾದ ಕಲ್ಗೂರ್ಲಿ ಊರಿನಾಚೆ ನಮ್ಮ ಚಿನ್ನದ ಗಣಿಯಲ್ಲಿ ಕ್ಲಾರಿ ಟ್ರೆಂಬಾತ್ ಇಪ್ಪತ್ತೊಂಬತ್ತು ವರ್ಷ ಮದ್ದಿನ ಮನೆ ಕಾದ. ಸಿಡಿಮದ್ದಿಗೊಂದು ಉಕ್ಕಿನ ಕೋಣೆ, ಅದನ್ನು ಸಿಡಿಸುವ ಕೇಪುಗಳಿಗೆ ಮಣ್ಣಿನ ದಿಬ್ಬದಾಚೆ ಇನ್ನೊಂದು. ಮದ್ದಿನ ಡಬ್ಬಕ್ಕೆ ‘ಡಿ’ ಚೀಟಿ, ಕೇಪಿನದಕ್ಕೆ ‘ಬಿ’. ಎರಡೂ ಒಂದೇ ಸೂರಿನಡಿ ಸೇರಕೂಡದು. ಚೀಟಿ ಕೀಳದ ಖಾಲಿ ಡಬ್ಬವೂ ಅವನ ಪಾಲಿಗೆ ತುಂಬಿದ ಡಬ್ಬವೇ.

ಗಣಿಯ ಲಾರಿ ಓಡಿಸುತ್ತಿದ್ದ ವಾರೆನ್ ಅಂಥದೊಂದು ಖಾಲಿ ಕೇಪಿನ ಡಬ್ಬದಲ್ಲಿ ಬುತ್ತಿ ಇಟ್ಟುಕೊಂಡು ಮದ್ದಿನ ಲಾರಿ ಹತ್ತಿದ್ದ. ಕ್ಲಾರಿ ದೂರು ಬರೆದ, ಮದ್ದು ಸಾಗಿಸುವ ವಾರೆನ್‌ನ ಪರವಾನಗಿ ಹೋಯಿತು.

“ಅದ್ರಲ್ಲಿ ಇದ್ದಿದ್ದು ಮಾಂಸದ ಪೈ ಕಣೋ, ಮುದಿಗೂಬೆ!”

“ಚೀಟಿ ಏನ್ ಹೇಳುತ್ತೋ ಅದೇ ಇದ್ದಿದ್ದು.”

ನಮಗೆಲ್ಲ ಮೈ ಉರಿಯಿತು. ನಾನು ಕ್ಲಾರಿಯ ಸಹಾಯಕ, ಎರಡನೇ ಕೀಲಿಕೈ ನನ್ನದು. ಶನಿವಾರ ಅವನು ಎಲ್ಲ ಎಣಿಸಿ ಸಹಿ ಹಾಕಿ ಹೋದ ಮೇಲೆ, ಮದ್ದಿನ ಡಬ್ಬಗಳ ಸಾಲಿನಲ್ಲಿ ಒಂದು ಖಾಲಿ ‘ಬಿ’ ಡಬ್ಬ ತೂರಿಸಿದೆ. ಬೆಚ್ಚಿಬೀಳಲಿ, ಚೀಟಿ ಹರಿದು ಬಚ್ಚಿಡಲಿ, ಆಗ ಹಿಡಿದು ನಗೋಣ ಅಂತಿತ್ತು ಲೆಕ್ಕ.

ಸೋಮವಾರ ಅದನ್ನು ಕಂಡ ಕ್ಲಾರಿ ಬೈಯಲಿಲ್ಲ. ಬಾಗಿಲು ಹಾಕಿ ಗಣಿ ಇನ್‌ಸ್ಪೆಕ್ಟರಿಗೆ ತಾನೇ ಫೋನು ಮಾಡಿದ.

“ಮೊನ್ನೆ ಸರಿಯಿದೆ ಅಂತ ಸಹಿ ಹಾಕಿದೀನಿ ಸ್ವಾಮಿ. ಇದು ಕಣ್ಣಿಗೇ ಬಿದ್ದಿಲ್ಲ. ನಾನೇ ಇಟ್ಟು ಮರೆತಿರ್ಬೇಕು. ನಮ್ಮಮ್ಮನಿಗೂ ಮರೆವಿನ ರೋಗ ಹೀಗೇ ಶುರುವಾಗಿತ್ತು.”

“ಇನ್ನೊಂದು ಕೀಲಿಕೈ ಇದೆಯಲ್ಲ?” ಎಂದು ಇನ್‌ಸ್ಪೆಕ್ಟರ್ ಕೇಳಿರಬೇಕು. ಕ್ಲಾರಿ ನನ್ನತ್ತ ನೋಡಿ, “ಆ ಹುಡುಗನ ಮೇಲೆ ಅನುಮಾನಪಟ್ರೆ ನಾಲಿಗೆಗೆ ಹುಳ ಬೀಳುತ್ತೆ” ಎಂದ. ನನಗಾಗ ನಲವತ್ತೊಂದು.

ವಾರೆನ್ ಸಂಜೆ ಪಬ್ಬಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: “ಮಾಡಿದ್ದುಣ್ಣೋ ಮಹಾರಾಯ!” ನಾನೂ ನಕ್ಕೆ. ನನ್ನಂಥ ನಾಯಿ ಇನ್ನೊಂದಿಲ್ಲ.

ಕ್ಲಾರಿಯ ಕೆಲಸ ಹೋಯಿತು. ಹೋಗುವಾಗ ಆ ಜಾಗಕ್ಕೆ ನನ್ನ ಹೆಸರನ್ನೇ ಬರೆದುಕೊಟ್ಟ. ಆಮೇಲೆ ಕಾರು ಓಡಿಸುವುದು ಬಿಟ್ಟ. ಮೊಮ್ಮಗಳನ್ನು ಎತ್ತಿಕೊಳ್ಳಲೂ ಹೆದರತೊಡಗಿದ. ಡಾಕ್ಟರು ಏನೂ ಇಲ್ಲ ಅಂದರೂ ನಂಬಲಿಲ್ಲ.

ಹೋದ ತಿಂಗಳು ಅಂಗಡಿ ಮುಂದೆ ನನ್ನ ತೋಳು ಹಿಡಿದುಕೊಂಡ. ಮುಖ ಅರಳಿತ್ತು.

“ನೆನಪಾಯ್ತು ಕಣಪ್ಪ! ಆ ಡಬ್ಬಾನ ಕೇಪಿನ ಕೋಣೆಯಿಂದ ಎಡಗೈಲಿ ತಂದೆ, ಮೂರನೇ ಸಾಲಲ್ಲಿ ಇಟ್ಟೆ. ಕಣ್ಣಿಗೆ ಕಟ್ಟಿದ ಹಾಗಿದೆ. ನೀನೂ ಅಲ್ಲೇ ಇದ್ದೆ, ಅಲ್ವಾ?”

“ಹೂಂ, ನೋಡಿದ್ದೆ” ಎಂದೆ.